ಮೂಳೆ ಬಾರದ ಮನೆಗೆ ಬಂದ ಬಾವುಟ

ಟೆಕ್ಸಸ್ ರಾಜ್ಯದ ಕಾರ್ಪಸ್ ಕ್ರಿಸ್ಟಿಯಲ್ಲಿ ಲಂಗರು ಹಾಕಿ ನಿಂತಿರುವ ಯುಎಸ್‌ಎಸ್ ಲೆಕ್ಸಿಂಗ್ಟನ್ ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ವಿರುದ್ಧ ಕಾದಿದ ವಿಮಾನವಾಹಕ ನೌಕೆ, ಈಗ ವಸ್ತುಸಂಗ್ರಹಾಲಯ. ಯುದ್ಧಕಾಲದ ನೆನಪಿನ ವಸ್ತುಗಳ ನಡುವೆ ಅಲ್ಲಿ 29 ವರ್ಷ ಒಂದು ಜಪಾನಿ ಬಾವುಟವಿತ್ತು. ಬಿಳಿ ಬಟ್ಟೆ, ನಡುವೆ ಕೆಂಪು ಸೂರ್ಯ, ಸುತ್ತಲೂ ಮಸಿಯಲ್ಲಿ ಬರೆದ ಹೆಸರುಗಳು. ಯುದ್ಧಕ್ಕೆ ಹೊರಟವನಿಗೆ ಬಂಧುಗಳು, ನೆರೆಹೊರೆಯವರು ಹೆಸರು ಬರೆದು ಹಾರೈಸಿ ಕೊಡುತ್ತಿದ್ದ ಇಂಥ ಬಾವುಟಕ್ಕೆ ‘ಯೊಸೆಗಾಕಿ ಹಿನೊಮಾರು’ ಎನ್ನುತ್ತಾರೆ. ಸೈನಿಕರೂ ನಾವಿಕರೂ ಅದನ್ನು ಮಡಿಸಿ ಮೈಗಂಟಿಸಿಕೊಂಡು ಹೋಗುತ್ತಿದ್ದರು. ಗೆದ್ದವರಿಗೆ ಅದು ಸಿಕ್ಕಿದ್ದು, ಹಾಗಾಗಿ, ಹೆಚ್ಚಾಗಿ ಸತ್ತವರ ಮೈಮೇಲಿನಿಂದಲೇ. 2023ರ ಜುಲೈನಲ್ಲಿ ಸಂಗ್ರಹಾಲಯ ಅದನ್ನು ಟೋಕಿಯೊದಲ್ಲಿ, ಆ ಬಾವುಟ ಹೊತ್ತು ಹೋಗಿ ಮಡಿದ ಸೈನಿಕನ ಎಂಬತ್ತು ದಾಟಿದ ಮಗನ ಕೈಗೊಪ್ಪಿಸಿತು. ಹೀಗೆ ಮರಳಿಸುವುದು ಸಂಗ್ರಹಾಲಯದ ಧರ್ಮವೆಂದೇ ನನ್ನ ವಾದ.

ಬಟ್ಟೆಯಲ್ಲಿ ಸತ್ತವನು ಕೂತಿದ್ದಾನೆಯೇ ಎಂದು ಕೇಳಬಹುದು. ಇಲ್ಲ, ಯಾವ ಸಂಸ್ಕಾರಕ್ಕೂ ಆ ನಂಬಿಕೆ ಬೇಕಾಗಿಲ್ಲ. ದೂರದೇಶದಲ್ಲಿ ಸತ್ತು ಅಸ್ಥಿಯೂ ಸಿಗದವನಿಗೆ ಮುತ್ತುಗದ ಎಲೆಯ 360 ತೊಟ್ಟುಗಳಿಂದ ಆಕೃತಿ ಮಾಡಿ ದಹಿಸುವ ವಿಧಿ ಗರುಡಪುರಾಣದಲ್ಲಿದೆ. ಅದು ಅಪ್ಪನ ಮೂಳೆಯಲ್ಲ ಎಂಬುದು ಬೆಂಕಿ ಇಡುವ ಮಗನಿಗೆ ಚೆನ್ನಾಗಿ ಗೊತ್ತು. ಆದರೂ ಇಡುತ್ತಾನೆ, ಬರಿಗೈಯಲ್ಲಿ ಬೀಳ್ಕೊಡುವುದು ಮನುಷ್ಯನಿಂದಾಗದು. ಆ ಯುದ್ಧದಲ್ಲಿ ಹೊರನಾಡಿನಲ್ಲಿ ಮಡಿದ ಸುಮಾರು 24 ಲಕ್ಷ ಜಪಾನೀಯರಲ್ಲಿ 11 ಲಕ್ಷಕ್ಕೂ ಹೆಚ್ಚು ಮಂದಿಯ ಅಸ್ಥಿ ಇನ್ನೂ ಮರಳಿಲ್ಲ. ಎಷ್ಟೋ ಮನೆಗಳಿಗೆ ಬಂದ ಪೆಟ್ಟಿಗೆಯೊಳಗೆ ಇದ್ದದ್ದು ಕಲ್ಲು, ಮರಳು, ಇಲ್ಲವೇ ಹೆಸರು ಬರೆದ ಚೀಟಿ. ತೊಟ್ಟೇ ಸಾಕಾದರೆ ಬಾವುಟವೇಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಆದರೆ ಅಸ್ಥಿ ಸಿಗದಾಗ ಮಾತ್ರ ತೊಟ್ಟು. ಅವನ ಬೆವರು ಹೀರಿದ ಬಟ್ಟೆಯನ್ನು ನಾವು ಗಾಜಿನೊಳಗಿಟ್ಟುಕೊಂಡು, ನೀವು ಕಲ್ಲಿನಲ್ಲೇ ಸಮಾಧಾನಪಟ್ಟುಕೊಳ್ಳಿ ಎಂದು ಮನೆಯವರಿಗೆ ಹೇಳಲು ಬಾಯಿ ಬರಬೇಕಲ್ಲ! ಜನಕ್ಕೆ ಇತಿಹಾಸ ತಿಳಿಸಲು ಅದರ ಪ್ರತಿಕೃತಿ ಸಾಕು.

ಇದಕ್ಕಿಂತ ಕಠಿಣವಾದ ಆಕ್ಷೇಪವೊಂದಿದೆ. ಜಪಾನಿ ಸೈನ್ಯ ಚೀನಾದ ನಾನ್‌ಜಿಂಗ್‌ನಲ್ಲಿ ನಡೆಸಿದ ಹತ್ಯಾಕಾಂಡವನ್ನು ಮರೆತು ಈ ಕರುಣೆಯೇ? ಬಾವುಟದ ಹಸ್ತಾಂತರ ನಡೆದದ್ದು ಯುದ್ಧದಲ್ಲಿ ಮಡಿದವರನ್ನು ಸ್ಮರಿಸುವ ಯಾಸುಕುನಿ ದೇಗುಲದಲ್ಲಿ. 14 ಮಂದಿ ‘ಎ’ ದರ್ಜೆಯ ಯುದ್ಧಾಪರಾಧಿಗಳಿಗೂ 1978ರಲ್ಲಿ ಅಲ್ಲಿ ಸ್ಥಾನ ಕೊಡಲಾಗಿದೆ. ಆ ಜಾಗದ ಆಯ್ಕೆ ತಪ್ಪೆಂದೇ ನನಗನಿಸುತ್ತದೆ, ಚೀನಾ ಕೊರಿಯಾಗಳಲ್ಲಿ ನೊಂದವರ ಗಾಯವನ್ನು ಅದು ಕೆದಕುತ್ತದೆ. ಆದರೂ ಜಾಗದ ದೋಷವನ್ನು ಬಟ್ಟೆಯ ಮೇಲೆ ಹೊರಿಸಲಾಗದು. ಅದರ ಮೇಲೆ ಕೈಯಾರೆ ಹೆಸರು ಬರೆದವರು ಒಬ್ಬ ಊರವನನ್ನು ಕಳಿಸಿಕೊಟ್ಟವರು. ಅಪರಾಧದ ವಿಚಾರಣೆಗೆ ಹೆಣ ಬೇಕಾಗಬಹುದು, ವಿಚಾರಣೆ ಮುಗಿದ ಮೇಲಾದರೂ ಅದನ್ನು ಮನೆಯವರಿಗೆ ಕೊಡಲೇಬೇಕು. ಹಾಗೆಂದು ಸಂಗ್ರಹಾಲಯದಲ್ಲಿರುವ ಎಲ್ಲವನ್ನೂ ಮರಳಿಸಬೇಕೆಂದಲ್ಲ. ಅಮೆರಿಕದ ನಾವಿಕನ ಸ್ವಂತ ಫೋಟೊ, ಪತ್ರ, ಸಮವಸ್ತ್ರಗಳು ಹಡಗಿನಲ್ಲೇ ಇರಲಿ: ಅವನ್ನು ಕೊಡುವ ಹಕ್ಕು ಅವನಿಗೋ ಅವನ ಮನೆಯವರಿಗೋ ಇತ್ತು. ಬಾವುಟದ ವಿಷಯದಲ್ಲಿ ಕೇಳಬೇಕಿದ್ದ ಮನೆ ಮಾತ್ರ ಪೆಸಿಫಿಕ್ ಸಾಗರದ ಆಚೆ ದಡದಲ್ಲಿತ್ತು.