ಕಳೆದ ಸಲ ಏನೂ ಆಗಲಿಲ್ಲವಲ್ಲ

ಒಮ್ಮೆ ಹೋಗಿ ಕ್ಷೇಮವಾಗಿ ಮರಳಿದ ವಾಹನವನ್ನು ಮತ್ತೆ ಹೊರಡಿಸುವುದು ಸುಲಭದ ಕೆಲಸ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಮೆರಿಕದ ಸ್ಪೇಸ್ ಶಟಲ್‌ನ ಕಥೆ ಓದುತ್ತ ಹೋದಂತೆ ನನಗೆ ಅದು ಹಾಗಲ್ಲ ಎನ್ನಿಸತೊಡಗಿತು. ಹೊಸದರ ಮೇಲೆ ನಮಗೆ ಅನುಮಾನವಿರುತ್ತದೆ. ಮರಳಿ ಬಂದದ್ದರ ಮೇಲೆ ಸಲಿಗೆ ಹುಟ್ಟುತ್ತದೆ.

1981ರಿಂದ 2011ರವರೆಗೆ ಶಟಲ್‌ಗಳು 135 ಸಲ ಹಾರಿದವು. ಪ್ರತಿ ಸಲ ಇಳಿದ ಮೇಲೆ ಫ್ಲೋರಿಡಾದ ಕೆನಡಿ ಕೇಂದ್ರದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆರೈಕೆ. ಶಾಖ ತಡೆಯಲು ಮೈಗೆ ಅಂಟಿಸಿದ 20,000ಕ್ಕೂ ಹೆಚ್ಚು ಬಿಲ್ಲೆಗಳನ್ನು ಪರೀಕ್ಷಿಸಬೇಕು. ಒಂದೊಂದಕ್ಕೂ ಅದರದೇ ನಂಬರು. ಶಾಖ ತಡೆಯುವ ಹೊದಿಕೆಗಳನ್ನು ಹೊಲಿಯುವ ಹೆಂಗಸರೂ ಅಲ್ಲಿದ್ದರು, ಸೂಜಿ ದಾರ ಹಿಡಿದೇ! (ಇದನ್ನು ಓದಿ ನನಗಾದ ಸಂತೋಷ ನಿಮಗೂ ಆದೀತು.) ಸಮುದ್ರಕ್ಕೆ ಬಿದ್ದ ಎರಡು ಬೂಸ್ಟರ್ ರಾಕೆಟ್‌ಗಳನ್ನು ಹಡಗುಗಳು ಎಳೆದು ತಂದ ಮೇಲೆ, ಬಿಚ್ಚಿ, ತೊಳೆದು, ರೈಲಿನಲ್ಲಿ ಯೂಟಾಕ್ಕೆ ಕಳಿಸಿ, ಇಂಧನ ತುಂಬಿಸಿ ಮತ್ತೆ ಜೋಡಿಸುತ್ತಿದ್ದರು.

ಆ ಜೋಡಣೆಯ ಸಂದುಗಳಲ್ಲಿ ರಬ್ಬರಿನ ಬಳೆಗಳು. ಕುಕ್ಕರಿನ ಗ್ಯಾಸ್ಕೆಟ್ ಬಲ್ಲವರಿಗೆ ವಿವರಿಸಬೇಕಾದ್ದಿಲ್ಲ: ಮೆತ್ತಗಿದ್ದರೆ ತಡೆಯುತ್ತದೆ, ಪೆಡಸಾದರೆ ಸೋರುತ್ತದೆ. ಬಿಚ್ಚಿ ನೋಡಿದಾಗ ಕೆಲವು ಬಳೆಗಳು ಸುಟ್ಟು ಸವೆದಿದ್ದವು. 1981ರ ಎರಡನೆಯ ಹಾರಾಟದಲ್ಲೇ ಇದು ಕಂಡಿತ್ತು. 1985ರ ಜನವರಿಯ ಚಳಿಯಲ್ಲಿ ಹಾರಿದ್ದರಲ್ಲಂತೂ ಮೊದಲ ಬಳೆಯನ್ನು ದಾಟಿ ಮಸಿ ಹೋಗಿತ್ತು. ಮರಳಿ ಬಂದ ವಸ್ತು ತನ್ನ ಗಾಯವನ್ನು ತಾನೇ ತೋರಿಸುತ್ತಿತ್ತು. ಆದರೆ ಪ್ರತಿ ಸಲವೂ ಕ್ಷೇಮವಾಗಿ ಬಂದಿತ್ತಲ್ಲ! ಹಾಗಾಗಿ ಆ ಗಾಯವನ್ನು, 'ಇಷ್ಟನ್ನು ಇದು ತಾಳಿಕೊಳ್ಳುತ್ತದೆ' ಎಂಬುದಕ್ಕೆ ಸಾಕ್ಷಿಯಾಗಿ ಓದಿಕೊಂಡರು. ಮನೆಯಲ್ಲಿ ದುಡಿಯುವ ಹೆಂಗಸನ್ನೂ ಹೀಗೆಯೇ ಓದುತ್ತಾರೆ ಎಂದರೆ ವಿಷಯಾಂತರವಾದೀತೇನೋ.

1986ರ ಜನವರಿ 27ರ ರಾತ್ರಿ ಫ್ಲೋರಿಡಾದಲ್ಲಿ ನೀರು ಹೆಪ್ಪುಗಟ್ಟುವ ಚಳಿ. ಇಂಥ ಚಳಿಯಲ್ಲಿ ಬೇಡ ಎಂದು ಬೂಸ್ಟರ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ಫೋನಿನ ಸಭೆಯಲ್ಲಿ ಹೇಳಿದರು. ಅಪಾಯವಿದೆ ಎಂದು ಸಾಬೀತು ಮಾಡುವ ಹೊರೆ ಅವರ ಮೇಲೇ ಬಿತ್ತು. ಎಡವಟ್ಟು ಆದದ್ದು ಇಲ್ಲೇ ಎಂದು ನನ್ನ ಅನಿಸಿಕೆ. ಏಳು ಜನ ಹತ್ತುವ ವಾಹನ. 'ಹೊರಡಬಹುದು' ಎನ್ನುವವನಲ್ಲವೇ ಸಾಬೀತು ಮಾಡಬೇಕಾದವನು? ಎಂಜಿನಿಯರಿಂಗ್ ಮುಖ್ಯಸ್ಥರಿಗೆ, ಎಂಜಿನಿಯರ್ ಟೋಪಿ ತೆಗೆದಿಟ್ಟು ಆಡಳಿತದ ಟೋಪಿ ಹಾಕಿಕೊಳ್ಳಿ ಎಂದರಂತೆ ಮೇಲಿನವರು. ಹಾಕಿಕೊಂಡರು. ಮರುದಿನ ಮೇಲೇರಿದ ಚಾಲೆಂಜರ್ 73 ಸೆಕೆಂಡುಗಳಲ್ಲಿ ಚೂರಾಯಿತು. ಏಳೂ ಜನ ಹೋದರು.

ಅಲ್ಲಿಗಾದರೂ ಮುಗಿಯಿತೆ? 2003ರಲ್ಲಿ ನಮ್ಮ ಕರ್ನಾಲದ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಹೊರಟಾಗ, ಟ್ಯಾಂಕಿನಿಂದ ಕಳಚಿದ ಫೋಮಿನ ತುಂಡೊಂದು ಎಡ ರೆಕ್ಕೆಗೆ ಬಡಿಯಿತು. ಹಿಂದೆಯೂ ಎಷ್ಟೋ ಸಲ ಫೋಮ್ ಕಳಚಿ ಬಡಿದಿತ್ತು. ಅದನ್ನು ಮರಳಿದ ಮೇಲೆ ಮಾಡುವ ರಿಪೇರಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ಫೆಬ್ರುವರಿ 1ರಂದು ರಿಪೇರಿಗೆ ಏನೂ ಮರಳಲಿಲ್ಲ.

1986ರ ಆ ರಾತ್ರಿ ಬೇಡವೆಂದವರಲ್ಲಿ ಬಾಬ್ ಎಬಲಿಂಗ್ ಒಬ್ಬರು. ಅದು ಸಿಡಿಯುತ್ತದೆ ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದ್ದರು. ಮೂವತ್ತು ವರ್ಷಗಳಾದರೂ, 89ರ ವಯಸ್ಸಿನಲ್ಲಿ, ತಾನು ಇನ್ನಷ್ಟು ಮಾಡಬಹುದಿತ್ತು ಎಂದು ಕೊರಗುತ್ತಲೇ ಇದ್ದರು. ಹೇಳಿದವನಿಗೇ ಏಕೆ ಈ ಕೊರಗು, ನನಗಿನ್ನೂ ಬಗೆಹರಿದಿಲ್ಲ. 2016ರಲ್ಲಿ, ಅವರು ತೀರಿಕೊಳ್ಳುವ ಸ್ವಲ್ಪ ಮೊದಲು, ರೇಡಿಯೋದಲ್ಲಿ ಅವರ ಮಾತು ಕೇಳಿದ ನೂರಾರು ಜನ, ತಪ್ಪು ನಿಮ್ಮದಲ್ಲ ಎಂದು ಕಾಗದ ಬರೆದರು.