ಎರೆಹುಳುವಿಗೆ ನಿಮ್ಮನೇಲಿ ಏನಂತಾರೆ?

ಮಾಲೂರು ತಾಲ್ಲೂಕಿನ ನಮ್ಮೂರಲ್ಲಿ ಮನೆಮಾತು ತೆಲುಗು, ಸ್ಕೂಲಿನ ಮಾತು ಕನ್ನಡ. ಎರಡನೇ ಕ್ಲಾಸಿನಲ್ಲಿ "ನಾಕು ಅರ್ಥಂ ಕಾಲೇದು ಸಾರ್" ಅಂದಿದ್ದಕ್ಕೆ ಬೆತ್ತದ ಏಟು ತಿಂದವನು ನಾನು. ಅರ್ಥ ಆಗಲಿಲ್ಲ ಅಂತ ಹೇಳೋದಕ್ಕೂ ಅವರ ಭಾಷೆಯೇ ಬೇಕಿತ್ತು. ಆಮೇಲೆ ಸುಮ್ಮನಿರೋದನ್ನ ಕಲಿತೆ.

ಐದನೇ ಕ್ಲಾಸಿಗೆ ಧಾರವಾಡದ ಕಡೆಯ ಮೇಷ್ಟ್ರು ಬಂದರು. ಅವರ ಕನ್ನಡ ನಮಗೆ ಅರ್ಧ ತಿಳೀತಿರಲಿಲ್ಲ. ಒಂದಿನ ಬೋರ್ಡಿನ ಮೇಲೆ ಎರೆಹುಳುವಿನ ಚಿತ್ರ ಬಿಡಿಸಿ, "ಇದಕ್ಕ ನಿಮ್ಮ ಮನ್ಯಾಗ ಏನಂತೀರೋ ತಮ್ಮಾ?" ಅಂದರು. ಹೆದರಿಕೊಂಡೇ "ವಾನಪಾಮು" ಅಂದೆ. ವಾನ ಅಂದ್ರೆ ಮಳೆ, ಪಾಮು ಅಂದ್ರೆ ಹಾವು ಅಂತ ಬಿಡಿಸಿ ಹೇಳಿದೆ. "ಮಳಿ ಹಾವು! ಎಷ್ಟ ಛಲೋ ಐತಿ ನೋಡು" ಅಂತ ಅದನ್ನೂ ಬೋರ್ಡಿನ ಮೇಲೆ ಬರೆದರು. ಅವತ್ತಿಂದ ನಾನು ಕ್ಲಾಸಿನಲ್ಲಿ ಬಾಯಿ ಬಿಟ್ಟೆ. ಕನ್ನಡವೂ ಬಂತು.

ಇದೆಲ್ಲ ನೆನಪಾದದ್ದು ಜರ್ಮನಿಯಲ್ಲಿ. ಕಂಪನಿ ಕೆಲಸಕ್ಕೆ ಸ್ಟುಟ್‌ಗಾರ್ಟ್‌ನಲ್ಲಿದ್ದಾಗ ಭಾನುವಾರ ನಮ್ಮವರ ಮಕ್ಕಳಿಗೆ ಕನ್ನಡ ಹೇಳಿಕೊಡ್ತಿದ್ದೆ. ಎರೆಹುಳುವಿನ ಚಿತ್ರ ತೋರಿಸಿದಾಗ ಒಂದು ಹುಡುಗಿ "ರೇಗನ್‌ವುರ್ಮ್" ಅಂದಳು. "ಇಲ್ಲಿ ಕನ್ನಡ ಮಾತ್ರ" ಅಂದುಬಿಟ್ಟೆ. ಮಗುವಿನ ಮುಖ ಬಾಡಿತು. ಆ ಮುಖ ನನಗೆ ಗೊತ್ತಿತ್ತು. ನನ್ನ ಕೈಯಲ್ಲಿ ಬೆತ್ತ ಇರಲಿಲ್ಲ, ಅಷ್ಟೇ.

ದೂರದಿಂದ ಬಂದ ಮೇಷ್ಟ್ರು ಮೊದಲು ಕಲಿಸಬೇಕಾ, ಕಲೀಬೇಕಾ? ಸ್ಟುಟ್‌ಗಾರ್ಟ್‌ ಪಕ್ಕದ ಟ್ಯೂಬಿಂಗನ್‌ನಲ್ಲೇ 1903ರಲ್ಲಿ ಕಿಟೆಲ್ ತೀರಿಕೊಂಡರು. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ತಮ್ಮ ಧರ್ಮ ಹೇಳೋಕೆ ಬಂದವರು ಕನ್ನಡ ಕಲಿಯೋಕೆ ಕೂತರು. 1894ರಲ್ಲಿ ಅವರ ನಿಘಂಟು ಹೊರಬಂತು. ತಮ್ಮ ಕೆಲಸ ಆಗಲಿ ಅಂತ ಕಲಿತದ್ದು ಗೌರವ ಹೇಗಾಗುತ್ತೆ ಅಂತ ಯಾರಾದರೂ ಕೇಳಬಹುದು. ನನಗೂ ಆ ಅನುಮಾನ ಇದೆ. ಆದರೆ ಒಂದೊಂದು ಪದಕ್ಕೂ ಇನ್ನೊಬ್ಬರ ಮುಂದೆ ವಿದ್ಯಾರ್ಥಿಯಾಗಿ ಅಷ್ಟು ವರ್ಷ ಕೂತವರಿಗೆ, ಎದುರಿನವರು ದಡ್ಡರು ಅನ್ನೋದು ಸುಲಭ ಅಲ್ಲ.

ಮನೆಮಾತಿಗೆ ಜಾಗ ಕೊಟ್ಟರೆ ಕನ್ನಡ ಕೆಡುತ್ತೆ ಅನ್ನೋರಿದ್ದಾರೆ. ನಮ್ಮ ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಕನ್ನಡಕ್ಕೆ ಅದರಿಂದ ಏನು ನಷ್ಟವಾಯಿತು?

ಮುಂದಿನ ಭಾನುವಾರ ಆ ಹುಡುಗಿಯನ್ನ ಕರೆದು, "ರೇಗನ್ ಅಂದ್ರೆ ಏನು ಪುಟ್ಟಾ?" ಅಂತ ಕೇಳಿದೆ.

"ಮಳೆ" ಅಂದಳು, ಕನ್ನಡದಲ್ಲೇ.

"ನಮ್ಮಮ್ಮನೂ ಅದನ್ನ ಮಳೆಹಾವು ಅಂತಾಳೆ" ಅಂದೆ. ಮೂರೂ ಹೆಸರನ್ನ ಬೋರ್ಡಿನ ಮೇಲೆ ಅವಳೇ ಬರೆದಳು.