ವ್ರತಿಕನೂ ಮೆಗ್ನೀಷಿಯಂ ಗುಳಿಗೆಯೂ

ದೇಹವು ಧರ್ಮಸಾಧನವೆಂದು ಒಪ್ಪಿದ ಮೇಲೆ ಅದರ ಪಾಲನೆಯನ್ನು ವ್ರತವಿರೋಧಿಯೆಂದು ಎಣಿಸುವುದು ಸಲ್ಲದು. ಆದರೂ ಶ್ರಾವಕರಲ್ಲಿ ಎರಡು ಅತಿರೇಕಗಳು ಕಾಣುತ್ತವೆ. ಗುಳಿಗೆ ನುಂಗಿದರೆ ವ್ರತಭಂಗವಾಯಿತೆಂದು ಕೆಲವರು ತಮ್ಮ ನಿಶ್ಶಕ್ತಿಯನ್ನು ಮರೆಮಾಚುತ್ತಾರೆ. ಔಷಧಕ್ಕೆ ನಿಯಮವೇ ಇಲ್ಲವೆಂದು ಇನ್ನು ಕೆಲವರು ದೊರೆತುದನ್ನೆಲ್ಲ ಸೇವಿಸುತ್ತಾರೆ. ವೃದ್ಧರು ಕೇಳಿ ಕೊಳ್ಳುವ ಮೆಗ್ನೀಷಿಯಂ ಗುಳಿಗೆಯನ್ನೇ ಈ ವಿಷಯದಲ್ಲಿ ನಿದರ್ಶನವಾಗಿ ವಿವೇಚಿಸಬಹುದು.

ಮೊದಲನೆಯದು ಅಗತ್ಯದ ಪರೀಕ್ಷೆ. ವಯಸ್ಕನ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಷಿಯಂ ಇದ್ದು, ಅರ್ಧಕ್ಕೂ ಹೆಚ್ಚು ಭಾಗ ಮೂಳೆಗಳಲ್ಲಿರುತ್ತದೆ. ಸ್ನಾಯು, ನರ, ಹೃದಯಗಳ ಕಾರ್ಯಕ್ಕೆ ಅದು ಬೇಕು. ರಾಗಿ, ಎಳ್ಳು, ಹೆಸರುಕಾಳು, ಬಾದಾಮಿಗಳಲ್ಲಿ ಅದು ಸಮೃದ್ಧವಾಗಿದೆ; ಏಕಭುಕ್ತದ ಊಟದಲ್ಲಿ ಇವುಗಳಿದ್ದರೆ ಅನೇಕರಿಗೆ ಗುಳಿಗೆಯೇ ಬೇಡ. ರಾತ್ರಿಯ ಕಾಲು ಸೆಳೆತಕ್ಕೆಂದು ಇದನ್ನು ಕೊಳ್ಳುವವರುಂಟು. ಆದರೆ ವೃದ್ಧರಿಗೆ ಅದರಿಂದ ಗಣನೀಯ ಉಪಶಮನ ದೊರೆಯುವುದು ಸಂಭವನೀಯವಲ್ಲವೆಂದು 2020ರ ಕಾಕ್ರೇನ್ ಸಮೀಕ್ಷೆ ನಿರ್ಣಯಿಸಿದೆ. ಮೂತ್ರಪಿಂಡ ದುರ್ಬಲವಾದವರಲ್ಲಿ ಇದು ರಕ್ತದಲ್ಲಿ ಶೇಖರವಾಗಿ ಪ್ರಾಣಾಪಾಯವನ್ನೂ ತರಬಲ್ಲದು. ಆದುದರಿಂದ ವೈದ್ಯರ ಪರೀಕ್ಷೆ ಮೊದಲು, ಖರೀದಿ ಅನಂತರ.

ಎರಡನೆಯದು ಪ್ರಕಾರದ ಆಯ್ಕೆ. ಮೆಗ್ನೀಷಿಯಂ ಆಕ್ಸೈಡಿನಲ್ಲಿ ತೂಕದ ಶೇಕಡಾ 60ರಷ್ಟು ಮೆಗ್ನೀಷಿಯಂ ಇದ್ದರೂ ದೇಹಗತವಾಗುವುದು ಸ್ವಲ್ಪವೇ. ಸಿಟ್ರೇಟಿನಲ್ಲಿ ಶೇಕಡಾ 16ರಷ್ಟು ಮಾತ್ರವಿದ್ದರೂ ಅದು ಚೆನ್ನಾಗಿ ಹೀರಲ್ಪಡುತ್ತದೆ. ಮಲವನ್ನು ಸಡಿಲಿಸುವುದರಿಂದ ಮಲಬದ್ಧತೆಯುಳ್ಳವರಿಗೆ ಅನುಕೂಲ, ಭೇದಿಯಾಗುವವರಿಗೆ ಪ್ರತಿಕೂಲ. ಗ್ಲೈಸಿನೇಟ್ ಸಾಮಾನ್ಯವಾಗಿ ಹೊಟ್ಟೆಗೆ ಸೌಮ್ಯ.

ಮೂರನೆಯದು ಅಹಿಂಸೆಯ ಪರೀಕ್ಷೆ. ಲವಣವು ನಿರ್ದೋಷವಾದರೂ ಅದನ್ನು ತುಂಬಿದ ಕ್ಯಾಪ್ಸೂಲು ಜೆಲಟಿನ್ನಿನದಾದರೆ ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದ ಬಂದುದು. ಸಸ್ಯಮೂಲದ ಸೆಲ್ಯುಲೋಸಿನ ಕ್ಯಾಪ್ಸೂಲುಗಳೂ ದೊರೆಯುತ್ತವೆ. ಗುಳಿಗೆಗೆ ಸೇರಿಸುವ ಸ್ಟಿಯರೇಟ್ ತಾಳೆ ಎಣ್ಣೆಯಿಂದಲೂ ಪ್ರಾಣಿಕೊಬ್ಬಿನಿಂದಲೂ ತಯಾರಾಗಬಲ್ಲುದು. ವಿಚಾರಿಸದೆ ನುಂಗುವುದು ಪ್ರಮಾದವೇ.

ನಾಲ್ಕನೆಯದು ಕಾಲ. ಮಲಗುವಾಗ ಸೇವಿಸಬೇಕೆಂಬ ರೂಢಿಗೆ ಅಂಜಿ ರಾತ್ರಿಭೋಜನತ್ಯಾಗವನ್ನು ಸಡಿಲಿಸಬೇಕಾಗಿಲ್ಲ. ಹಗಲಿನ ಊಟದೊಡನೆ ಸೇವಿಸಿದರೂ ಅದು ದೇಹಕ್ಕೆ ಸಲ್ಲುತ್ತದೆ. ಹೊಟ್ಟೆಯ ತೊಂದರೆಯೂ ಕಡಿಮೆ. ಇನ್ನು ಅಷ್ಟಮಿ, ಚತುರ್ದಶಿಯ ಚತುರ್ವಿಧಾಹಾರತ್ಯಾಗದಲ್ಲಿ ಏನು ಮಾಡಬೇಕು? ಆರೋಗ್ಯವಂತನಿಗೆ ಒಂದು ದಿನ ಪೂರಕ ತಪ್ಪಿದರೆ ನಷ್ಟವಿಲ್ಲ. ಆದರೆ ರಕ್ತದಲ್ಲಿ ಕೊರತೆ ಕಂಡು ವೈದ್ಯರು ವಿಧಿಸಿದ್ದರೆ ಅದು ಪೂರಕವಲ್ಲ, ಚಿಕಿತ್ಸೆ. ಕೊರತೆ ತೀವ್ರವಾದರೆ ಹೃದಯದ ಬಡಿತವೇ ಲಯತಪ್ಪಬಹುದು. ಅಂಥವರು ಗುರುಗಳಲ್ಲಿ ಸ್ಥಿತಿಯನ್ನು ನಿವೇದಿಸಿ, ಉಪವಾಸಕ್ಕೆ ಬದಲಾಗಿ ಏಕಭುಕ್ತವನ್ನು ಸ್ವೀಕರಿಸುವುದು ಲೇಸು. ವ್ರತವನ್ನು ಸ್ವೀಕರಿಸಿ ಗುಟ್ಟಾಗಿ ಮುರಿಯುವುದಕ್ಕಿಂತ, ಪಾಲಿಸಬಹುದಾದಷ್ಟನ್ನೇ ಸ್ವೀಕರಿಸುವುದು ಸತ್ಯಕ್ಕೆ ಹತ್ತಿರ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿತಃ’ ಎಂಬ ವಿಶೇಷಣವಿರುವುದು ಸೋಮಾರಿತನಕ್ಕೆ ನೆಪವಾಗಲೆಂದಲ್ಲ, ವಿವೇಕಕ್ಕೆ ದಾರಿಯಾಗಲೆಂದು.

ಆಕ್ಸೈಡಿನ ದೊಡ್ಡ ಅಂಕಿಯನ್ನು ಕಂಡು ಮರುಳಾಗುವವನೂ, ಉಪವಾಸದ ದಿನಗಳನ್ನಷ್ಟೇ ಎಣಿಸುವವನೂ ಒಂದೇ ಬಗೆಯಲ್ಲಿ ತಪ್ಪುತ್ತಾರೆ. ನುಂಗಿದುದಷ್ಟೂ ದೇಹಕ್ಕೆ ಸೇರುವುದಿಲ್ಲ. ಆಚರಿಸಿದುದಷ್ಟೂ ಆತ್ಮಕ್ಕೆ ಸಲ್ಲುವುದಿಲ್ಲ. ಎರಡರಲ್ಲಿಯೂ ಪ್ರಮಾಣಕ್ಕಿಂತ ಪರಿಣಾಮವೇ ಮುಖ್ಯ; ಪರಿಣಾಮಶುದ್ಧಿಯಿಂದಲೇ ವ್ರತಕ್ಕೆ ಸಾರ್ಥಕ್ಯ.